ಮಗುವಿನ ಪಕ್ಕ ಕೂತು ನೋಡಲು ಯಾವ ಕಾರ್ಯಕ್ರಮ?

ಮೂರು ವರ್ಷದ ಮಗುವಿಗೆ ಒಂದು ಕಾರ್ಟೂನು ಹಿಡಿಸಿತೆಂದರೆ ಅದು ಒಮ್ಮೆ ನೋಡಿ ತೃಪ್ತಿಪಡುವುದಿಲ್ಲ. ಅದೇ ಕಂತನ್ನು ನಲವತ್ತು ಸಲ ಹಾಕಿಸಿಕೊಳ್ಳುತ್ತದೆ, ಮನೆಯ ದೊಡ್ಡವರು ಅಡುಗೆಮನೆಯಲ್ಲಿದ್ದರೂ ನಡುಮನೆಯಲ್ಲಿದ್ದರೂ ಆ ನಲವತ್ತು ಸಲವೂ ಅದನ್ನು ಕೇಳಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಮಕ್ಕಳ ಕಾರ್ಯಕ್ರಮವನ್ನು ಆರಿಸುವಾಗ ‘ಇದು ಮಗುವಿಗೆ ಒಳ್ಳೆಯದೇ’ ಎಂದು ಕೇಳಿಕೊಳ್ಳುವಂತೆಯೇ ‘ಇದನ್ನು ನಾನು ತಾಳಿಕೊಳ್ಳಬಲ್ಲೆನೇ’ ಎಂದೂ ಕೇಳಿಕೊಳ್ಳುವುದು ಸ್ವಾರ್ಥವೇನಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಆ ಒಂದು ಗಂಟೆಯಲ್ಲಿ ದೊಡ್ಡವರೊಬ್ಬರು ಜೊತೆಗಿದ್ದು ಮಾತನಾಡುತ್ತಾ ತೋರಿಸಬೇಕೆಂಬುದು ಮಕ್ಕಳ ವೈದ್ಯರು ಕೊಡುವ ಸಲಹೆ. ಆದರೆ ಬೇಸರ ಬಂದ ದೊಡ್ಡವರು ಪಕ್ಕದಲ್ಲಿ ಕೂತಿರುತ್ತಾರೆಯೇ ಹೊರತು ಜೊತೆಯಲ್ಲಿರುವುದಿಲ್ಲ. ಅವರ ಕಣ್ಣು ತಮ್ಮ ಮೊಬೈಲಿನಲ್ಲಿರುತ್ತದೆ.

ಈ ವಿಷಯವನ್ನು ಬಹಳ ಹಿಂದೆಯೇ ಲೆಕ್ಕಕ್ಕೆ ತೆಗೆದುಕೊಂಡವರು 1969ರ ನವೆಂಬರ್ 10ರಂದು ಅಮೆರಿಕದಲ್ಲಿ ಆರಂಭವಾದ ‘ಸೆಸಮಿ ಸ್ಟ್ರೀಟ್’ ಕಾರ್ಯಕ್ರಮದವರು. ಜೋನ್ ಗ್ಯಾನ್ಝ್ ಕೂನಿ ಮತ್ತು ಲಾಯ್ಡ್ ಮಾರಿಸೆಟ್ ರೂಪಿಸಿದ ಆ ಕಾರ್ಯಕ್ರಮದಲ್ಲಿ ಜಿಮ್ ಹೆನ್ಸನ್ನರ ಬೊಂಬೆಗಳು ಮಕ್ಕಳಿಗೆ ಅಕ್ಷರ ಮತ್ತು ಅಂಕಿ ಕಲಿಸುತ್ತಿದ್ದವು; ಅದರ ನಡುನಡುವೆ ಪ್ರಸಿದ್ಧ ಗಾಯಕರು ಬಂದು ಹೋಗುತ್ತಿದ್ದರು, ದೊಡ್ಡವರಿಗೆ ಮಾತ್ರ ತಿಳಿಯುವ ಅಣಕಗಳಿರುತ್ತಿದ್ದವು. ಅವು ಅಲ್ಲಿ ಅಕಸ್ಮಾತ್ತಾಗಿ ಸೇರಿದವಲ್ಲ. ತಾಯಂದಿರು ಎದ್ದುಹೋಗದೆ ಕೂತರೆ ಮಗು ಹೆಚ್ಚು ಕಲಿಯುತ್ತದೆಂಬ ಎಣಿಕೆಯಿಂದ ಸೇರಿಸಿದವು. ಅದೇ ತಂಡದ ಸಂಶೋಧಕ ಎಡ್ವರ್ಡ್ ಪಾಮರ್ ಇನ್ನೊಂದು ಜಾಣತನದ ಪರೀಕ್ಷೆಯನ್ನು ರೂಪಿಸಿದ್ದರು. ಟೀವಿಯ ಪಕ್ಕದಲ್ಲಿ ಇನ್ನೊಂದು ಪರದೆಯನ್ನಿಟ್ಟು, ಅದರಲ್ಲಿ ಕೆಲವು ಸೆಕೆಂಡಿಗೊಮ್ಮೆ ಬೇರೆ ಬೇರೆ ಚಿತ್ರಗಳು ಬದಲಾಗುವಂತೆ ಮಾಡಿ, ಮಗುವಿನ ಕಣ್ಣು ಯಾವ ಕ್ಷಣದಲ್ಲಿ ಟೀವಿಯಿಂದ ಆಚೆ ಹೊರಳುತ್ತದೆಂದು ಅವರು ಗುರುತು ಹಾಕಿಕೊಳ್ಳುತ್ತಿದ್ದರು. ಆ ಎರಡನೆಯ ಪರದೆ ಇಂದು ಪ್ರತಿಯೊಬ್ಬ ತಂದೆತಾಯಿಯ ಕೈಯಲ್ಲೇ ಇದೆ. ಒಂದು ಕಂತು ಮುಗಿಯುವಷ್ಟರಲ್ಲಿ ನೀವು ಎಷ್ಟು ಸಲ ಮೊಬೈಲು ತೆಗೆದಿರಿ ಎಂದು ಎಣಿಸಿಕೊಂಡರೆ ಆ ಕಾರ್ಯಕ್ರಮ ನಿಮಗೆ ಹೊಂದುತ್ತದೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ಬೇರೆಯವರು ಕೊಟ್ಟ ಅಂಕಗಳಿಗಿಂತ ಈ ಲೆಕ್ಕವೇ ಹೆಚ್ಚು ನಂಬಿಕೆಗೆ ಅರ್ಹ.

ದೊಡ್ಡವರಿಗೂ ಹಿಡಿಸುವ ಕಾರ್ಯಕ್ರಮಗಳಲ್ಲಿ ಎರಡು ಬಗೆಯಿದೆ. ಒಂದು ಬಗೆಯಲ್ಲಿ ಮಗು ಒಂದು ಕಡೆ ನಗುತ್ತದೆ, ನಾವು ಇನ್ನೊಂದು ಕಡೆ ನಗುತ್ತೇವೆ. ಹಾಸ್ಯ ಮಗುವಿನ ತಲೆಯ ಮೇಲಿನಿಂದ ಹಾರಿ ನಮ್ಮನ್ನು ಮುಟ್ಟುತ್ತದೆ. ಇನ್ನೊಂದು ಬಗೆಯಲ್ಲಿ ಇಬ್ಬರೂ ಒಂದೇ ಕಡೆ ನಗುತ್ತೇವೆ, ಕಾರಣ ಮಾತ್ರ ಬೇರೆಯಿರುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ. ಮೊದಲನೆಯ ಬಗೆಯಲ್ಲಿ ‘ಅಪ್ಪ, ಯಾಕೆ ನಕ್ಕಿರಿ’ ಎಂದು ಮಗು ಕೇಳಿದಾಗ ಉತ್ತರ ಹುಡುಕಬೇಕಾದ ಪ್ರಸಂಗಗಳು ಬರುತ್ತವೆ.

ಅಂಥ ಪ್ರಸಂಗಗಳಿಗೆ ‘ಶಿನ್‌ಚಾನ್’ ಒಳ್ಳೆಯ ಉದಾಹರಣೆ. ಐದು ವರ್ಷದ ತುಂಟ ಹುಡುಗನ ಈ ಕಥೆ 1990ರಲ್ಲಿ ಜಪಾನಿನಲ್ಲಿ ಶುರುವಾದದ್ದು ವಯಸ್ಕರ ಚಿತ್ರಕಥಾ ವಾರಪತ್ರಿಕೆಯೊಂದರಲ್ಲಿ; ಟೀವಿಗೆ ಬಂದದ್ದು 1992ರಲ್ಲಿ. ಸಂಬಳ ಸಾಲದ ಅಪ್ಪ, ರಿಯಾಯಿತಿ ಮಾರಾಟದ ಹಿಂದೆ ಓಡುವ ಅಮ್ಮ, ತೀರದ ಮನೆಸಾಲ ಇವೆಲ್ಲ ನಮ್ಮನ್ನು ನಿಜವಾಗಿಯೂ ನಗಿಸುತ್ತವೆ, ಏಕೆಂದರೆ ಅದು ನಮ್ಮನ್ನು ಕುರಿತೇ ಬರೆದ ಕಥೆ. ಆದರೆ ಮಗು ಅದರಿಂದ ಹೆಕ್ಕಿಕೊಳ್ಳುವುದು ಅಮ್ಮನಿಗೆ ಎದುರುತ್ತರ ಕೊಡುವ ಧಾಟಿಯನ್ನು. 2008ರಲ್ಲಿ ಭಾರತದಲ್ಲಿ ಅದರ ಪ್ರಸಾರಕ್ಕೆ ತಡೆ ಬಿದ್ದು, ಆಮೇಲೆ ಕತ್ತರಿ ಹಾಕಿದ ರೂಪದಲ್ಲಿ ಮರಳಿ ಬಂದಿತು. ಅದನ್ನು ಕೆಟ್ಟ ಕಾರ್ಯಕ್ರಮವೆಂದು ನಾನು ಹೇಳಲಾರೆ. ಮಕ್ಕಳು ಮಲಗಿದ ಮೇಲೆ ನೋಡುವ ಕಾರ್ಯಕ್ರಮವೆಂದು ಹೇಳಬಲ್ಲೆ.

ಎರಡನೆಯ ಬಗೆಗೆ ಈಗ ಎಲ್ಲರ ಬಾಯಲ್ಲೂ ಇರುವ ಹೆಸರು ‘ಬ್ಲೂಯಿ’. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಜೋ ಬ್ರಮ್ ರೂಪಿಸಿ, ಅಲ್ಲಿನ ಲ್ಯೂಡೋ ಸ್ಟುಡಿಯೋ ತಯಾರಿಸಿದ ಇದು 2018ರ ಅಕ್ಟೋಬರ್‌ನಲ್ಲಿ ಮೊದಲು ಪ್ರಸಾರವಾಯಿತು. ಒಂದೊಂದು ಕಂತು ಸುಮಾರು ಏಳು ನಿಮಿಷದ್ದು. ನಾಯಿಗಳ ಒಂದು ಸಂಸಾರ: ಅಪ್ಪ, ಅಮ್ಮ, ಇಬ್ಬರು ಹೆಣ್ಣುಮಕ್ಕಳು. ಕಥೆಯೆಂದರೆ ಆ ಮಕ್ಕಳು ಆಡುವ ಆಟ, ಅಷ್ಟೇ. ಆದರೆ ಆ ಆಟದೊಳಗೆ ದೊಡ್ಡವರ ದಣಿವು, ಹೊರಗೆ ಹೇಳದ ಬೇಸರ, ಮಗು ದೊಡ್ಡದಾಗುತ್ತಿದೆಯಲ್ಲ ಎಂಬ ಸಣ್ಣ ಸಂಕಟ ಎಲ್ಲವೂ ಸೇರಿಕೊಂಡಿರುತ್ತವೆ. ಕಿರಿಯವಳು ತನ್ನ ಹಾಸಿಗೆಯಲ್ಲಿ ಒಬ್ಬಳೇ ರಾತ್ರಿಯೆಲ್ಲ ಮಲಗಲು ಪ್ರಯತ್ನಿಸುವ ‘ಸ್ಲೀಪಿಟೈಮ್’ ಎಂಬ ಕಂತಿನಲ್ಲಿ ಅವಳ ಕನಸು ಗ್ರಹಗಳ ನಡುವೆ ತೇಲುತ್ತದೆ, ಹಿನ್ನೆಲೆಯಲ್ಲಿ ಗುಸ್ತಾವ್ ಹೋಲ್ಸ್ಟ್ ಗುರುಗ್ರಹವನ್ನು ಕುರಿತು ರಚಿಸಿದ ಸಂಗೀತ ಏರುತ್ತದೆ. ಮಗು ಗ್ರಹಗಳನ್ನು ನೋಡುತ್ತಿರುತ್ತದೆ. ಪಕ್ಕದಲ್ಲಿ ಕೂತ ಅಮ್ಮ ಕಣ್ಣೊರೆಸಿಕೊಳ್ಳುತ್ತಿರುತ್ತಾಳೆ. ಓಣಿಯಲ್ಲಿ ಟೆನ್ನಿಸ್ ಚೆಂಡಿನಿಂದ ಕ್ರಿಕೆಟ್ ಆಡಿ ಬೆಳೆದವರು ‘ಕ್ರಿಕೆಟ್’ ಎಂಬ ಕಂತಿನಿಂದ ಆರಂಭಿಸಬಹುದು. ದೊಡ್ಡವರು ಎಷ್ಟು ಚೆಂಡೆಸೆದರೂ ಔಟಾಗದ ಪುಟ್ಟ ಹುಡುಗ ಕೊನೆಗೆ ತಂಗಿಗೆ ಬ್ಯಾಟು ಸಿಗಲೆಂದು ಏನು ಮಾಡುತ್ತಾನೆಂಬುದನ್ನು ಇಲ್ಲಿ ಹೇಳಿ ಕೆಡಿಸುವುದಿಲ್ಲ.

ಇದೇ ಬಗೆಯ ‘ಪೆಪ್ಪಾ ಪಿಗ್’ ಜೊತೆಗಿಟ್ಟು ನೋಡಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಪೆಪ್ಪಾಳ ಐದು ನಿಮಿಷದ ಕಂತುಗಳು ಎರಡು ಮೂರು ವರ್ಷದವರಿಗೆ ಬ್ಲೂಯಿಗಿಂತ ಸುಲಭ: ಮಾತು ನಿಧಾನ, ವಾಕ್ಯ ಚಿಕ್ಕದು, ಚಿತ್ರ ಸರಳ. ಆದರೆ ಅಲ್ಲಿ ಅಪ್ಪನೆಂದರೆ ನಕ್ಷೆ ಓದಲು ಬಾರದ, ಎಲ್ಲರೂ ಹೊಟ್ಟೆಯನ್ನು ತೋರಿಸಿ ನಗುವ ವ್ಯಕ್ತಿ. ಬ್ಲೂಯಿಯ ಅಪ್ಪನೂ ನಗೆಪಾಟಲಾಗುತ್ತಾನೆ, ಆದರೆ ಆಟಕ್ಕಾಗಿ ತಾನಾಗಿಯೇ ಆಗುತ್ತಾನೆ. ಬ್ಲೂಯಿಯ ಮೇಲೆ ನನ್ನದೊಂದು ದೂರೂ ಇದೆ. ಆ ಅಪ್ಪ ಕರೆದಾಗಲೆಲ್ಲ ಆಟಕ್ಕೆ ಬರುತ್ತಾನೆ. ಸಂಜೆ ಏಳಕ್ಕೆ ಬಸ್ಸಿಳಿದು ಬಂದು ಚಹಾ ಕುಡಿಯುವಷ್ಟರಲ್ಲಿ ‘ಅವರಪ್ಪ ಆಡ್ತಾರೆ, ನೀವ್ಯಾಕೆ ಆಡಲ್ಲ’ ಎಂಬ ಮಾತು ಕೇಳಿಸಿಕೊಳ್ಳುವುದು ಯಾರಿಗೂ ಸುಖದ ಸಂಗತಿಯಲ್ಲ. ಜೊತೆಗೆ ಆ ಆಸ್ಟ್ರೇಲಿಯಾದ ಇಂಗ್ಲಿಷು, ಅದರ ಆಡುನುಡಿ, ಮನೆಯಲ್ಲಿ ಕನ್ನಡವನ್ನೇ ಕೇಳಿ ಬೆಳೆಯುವ ಮೂರು ವರ್ಷದ ಮಗುವಿಗೆ ಬಹುಪಾಲು ಬರೀ ಸದ್ದಾಗಿಯೇ ಉಳಿಯುತ್ತದೆ.

ಇಲ್ಲಿಯೇ ನಮ್ಮ ಮನೆಗಳ ಪ್ರಶ್ನೆ ಬೇರೆಯಾಗುತ್ತದೆ. ತಂದೆತಾಯಿಗೂ ಇಷ್ಟವಾಗಬೇಕು ಎಂದು ಹೇಳುತ್ತೇವೆಯಾದರೂ, ಮಧ್ಯಾಹ್ನ ಮೂರರಿಂದ ಆರರವರೆಗೆ ಮಗುವಿನ ಪಕ್ಕದಲ್ಲಿ ಕೂತಿರುವವರು ಎಷ್ಟೋ ಮನೆಗಳಲ್ಲಿ ಅಜ್ಜಿ ಅಥವಾ ತಾತ. ಅವರಿಗೆ ಇಂಗ್ಲಿಷಾಗಲಿ ಹಿಂದಿಯಾಗಲಿ ಬರಲೇಬೇಕೆಂದಿಲ್ಲ. ಅಂಥ ಮನೆಗೆ ಮಾತಿಲ್ಲದ ಕಾರ್ಟೂನುಗಳಿಗಿಂತ ಒಳ್ಳೆಯ ಆಯ್ಕೆ ನನಗೆ ಕಾಣುವುದಿಲ್ಲ. ಮಾತಿಲ್ಲದ ಕಡೆ ನಮ್ಮ ಮಾತಿಗೆ ಜಾಗವಿರುತ್ತದೆ: ‘ಅಯ್ಯೋ, ಕುರಿ ಎಲ್ಲಿ ಹೊಕ್ಕಿತು ನೋಡು’ ಎಂದು ಅಜ್ಜಿ ಹೇಳಿದ ಕ್ಷಣಕ್ಕೆ ಬ್ರಿಟನ್ನಿನ ಕಾರ್ಟೂನಿನ ಕುರಿ ಕನ್ನಡದ ಕುರಿಯಾಗುತ್ತದೆ. ಸಿಂಗಪುರದಲ್ಲೋ ನ್ಯೂ ಜೆರ್ಸಿಯಲ್ಲೋ ಮಗುವಿಗೆ ಕನ್ನಡ ಕೇಳಿಸುವುದೇ ಅಪ್ಪ ಅಮ್ಮನ ಬಾಯಿಂದ ಎಂಬಂತಹ ಸಂಸಾರಗಳಿಗೂ ಈ ಉಪಾಯವನ್ನು ಧೈರ್ಯವಾಗಿ ಹೇಳುತ್ತೇನೆ.

ಮಾತಿಲ್ಲದ, ಇಲ್ಲವೇ ಮಾತು ಕಡಿಮೆಯಿರುವ ನಾಲ್ಕನ್ನು ಹೋಲಿಸಬಹುದು. ‘ಶಾನ್ ದ ಶೀಪ್’ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಆರ್ಡ್‌ಮನ್ ಸಂಸ್ಥೆಯದು. ಶಾನ್ ಎಂಬ ಈ ಕುರಿ 1995ರ ಕಿರುಚಿತ್ರವೊಂದರಲ್ಲಿ ಮೊದಲು ಕಾಣಿಸಿಕೊಂಡು, 2007ರಲ್ಲಿ ತನ್ನದೇ ಸರಣಿ ಪಡೆಯಿತು. ಜೇಡಿಮಣ್ಣಿನಂತಹ ಮೆತು ವಸ್ತುವಿನಲ್ಲಿ ಮಾಡಿದ ಬೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ, ಒಂದು ಚಿತ್ರ ತೆಗೆದು, ಮತ್ತೆ ಸರಿಸಿ ಕಟ್ಟುವ ಕೆಲಸ ಅದು. ಇಡೀ ದಿನ ದುಡಿದರೂ ಒಬ್ಬ ಕಲಾವಿದನ ಕೈಯಲ್ಲಿ ಹೊರಬರುವುದು ಕೆಲವೇ ಸೆಕೆಂಡುಗಳ ಚಿತ್ರ. ರೈತ ಗೊಣಗುತ್ತಾನೆಯೇ ವಿನಾ ಮಾತಾಡುವುದಿಲ್ಲ. ಮಕ್ಕಳ ಕಣ್ಣು ಶಾನ್ ಮೇಲಿದ್ದರೆ ದೊಡ್ಡವರ ಕಣ್ಣು ತಾನಾಗಿಯೇ ಬಿಟ್ಝರ್ ಎಂಬ ಕಾವಲುನಾಯಿಯ ಮೇಲೆ ಬೀಳುತ್ತದೆ. ತಲೆಗೆ ಟೊಪ್ಪಿ, ಕತ್ತಿಗೆ ಸೀಟಿ, ಕೈಯಲ್ಲಿ ಹಾಜರಿಪಟ್ಟಿ. ಮೇಲಿನ ಯಜಮಾನನಿಗೂ ಕೆಳಗಿನ ಕುರಿಗಳಿಗೂ ನಡುವೆ ಸಿಕ್ಕಿಕೊಂಡ ಆ ಬಡ ಮೇಸ್ತ್ರಿಯನ್ನು ಕಚೇರಿಯಲ್ಲಿ ಕೆಲಸ ಮಾಡಿದ ಯಾರಾದರೂ ಗುರುತಿಸುತ್ತಾರೆ. ಮೂರರಿಂದ ಎಂಬತ್ತರವರೆಗೆ ಎಲ್ಲರಿಗೂ ಒಂದೇ ಕಾರ್ಯಕ್ರಮ ಹೇಳಿ ಎಂದು ಯಾರಾದರೂ ಹಟ ಹಿಡಿದರೆ ನಾನು ಇದನ್ನೇ ಹೇಳುವೆನು.

‘ಪಿಂಗು’ ಇದಕ್ಕಿಂತ ಹಳೆಯದು, ಇನ್ನೂ ಸರಳ. ಓಟ್ಮಾರ್ ಗುಟ್ಮನ್ ರೂಪಿಸಿದ ಈ ಸ್ವಿಸ್ ಸರಣಿಯ ಪೆಂಗ್ವಿನ್ನುಗಳು ಮಾತನಾಡುತ್ತವೆ, ಆದರೆ ಲೋಕದ ಯಾವ ಭಾಷೆಯಲ್ಲೂ ಅಲ್ಲ. ಮೊದಲ ಸರಣಿಗಳಲ್ಲಿ ಇಟಲಿಯ ಕಾರ್ಲೋ ಬೊನೋಮಿ ಒಬ್ಬರೇ ಎಲ್ಲ ಪಾತ್ರಗಳಿಗೂ ದನಿ ಕೊಟ್ಟರು. ಅರ್ಥವಿಲ್ಲದ ಆ ಸದ್ದಿನಲ್ಲಿ ಅಮ್ಮನ ಸಿಟ್ಟು, ಮಗುವಿನ ರಚ್ಚೆ, ಅಜ್ಜನ ಗೊಣಗಾಟ ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತವೆ. ಕಿರಿಯ ಮಕ್ಕಳಿಗೆ ಇದು ಶಾನ್‌ಗಿಂತ ಹೆಚ್ಚು ಹತ್ತಿರ, ಏಕೆಂದರೆ ತಂಗಿ ಹುಟ್ಟಿದಾಗಿನ ಹೊಟ್ಟೆಕಿಚ್ಚು, ತಟ್ಟೆಯಲ್ಲಿ ಬಿಟ್ಟ ತರಕಾರಿ ಮೊದಲಾದ ಮನೆಯೊಳಗಿನ ಸಂಗತಿಗಳೇ ಅದರ ಕಥೆ. ಆರು ದಾಟಿದವರು ಮಾತ್ರ ಬೇಗ ಬಿಟ್ಟುಬಿಡುತ್ತಾರೆ.

‘ಮಾಶಾ ಆ್ಯಂಡ್ ದ ಬೇರ್’ ರಷ್ಯಾದ ಅನಿಮಾಕಾರ್ಡ್ ಸಂಸ್ಥೆ 2009ರಲ್ಲಿ ಆರಂಭಿಸಿದ ಸರಣಿ. ಅದರ ಗಂಜಿಯ ಕಂತೊಂದನ್ನೇ ಯೂಟ್ಯೂಬಿನಲ್ಲಿ 400 ಕೋಟಿಗೂ ಹೆಚ್ಚು ಸಲ ನೋಡಲಾಗಿದೆ. ಸರ್ಕಸ್ಸಿನಿಂದ ನಿವೃತ್ತನಾಗಿ ಕಾಡಿನಲ್ಲಿ ಜೇನು ಸಾಕಿಕೊಂಡು ಮೀನು ಹಿಡಿಯುತ್ತ ಸುಖವಾಗಿರಬೇಕೆಂದಿದ್ದ ಕರಡಿಯ ಮನೆಗೆ ಒಂದು ಪುಟ್ಟ ಹುಡುಗಿ ನುಗ್ಗುತ್ತಾಳೆ. ಅಲ್ಲಿಗೆ ಅವನ ನೆಮ್ಮದಿ ಮುಗಿಯಿತು. ಕರಡಿ ಮಾತನಾಡುವುದಿಲ್ಲ, ನಿಟ್ಟುಸಿರು ಬಿಡುತ್ತದೆ. ಆ ನಿಟ್ಟುಸಿರಿಗಾಗಿಯೇ ದೊಡ್ಡವರು ಇದನ್ನು ನೋಡಬಹುದು. ಕೊರತೆಯೆಂದರೆ ಮಾಶಾಳ ಹಟಕ್ಕೆ ಅಲ್ಲಿ ಅಡೆತಡೆಯೇ ಇಲ್ಲ, ಅವಳನ್ನು ನೋಡಿ ಕಲಿಯಲು ಮಕ್ಕಳಿಗೆ ಎರಡು ದಿನವೂ ಬೇಡ. ಈಗಾಗಲೇ ತುಂಟತನದಲ್ಲಿ ಹೆಸರಾದ ಮಗುವಿದ್ದ ಮನೆಗೆ ನಾನು ಇದನ್ನು ಸೂಚಿಸುವುದಿಲ್ಲ.

ನಾಲ್ಕನೆಯದು ನಮ್ಮ ತಲೆಮಾರಿಗೂ ಹಿಂದಿನ ತಲೆಮಾರಿಗೂ ಪರಿಚಿತವಾದ ‘ಟಾಮ್ ಆ್ಯಂಡ್ ಜೆರ್ರಿ’. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ 1940ರಿಂದ 1958ರವರೆಗೆ ಮಾಡಿದ 114 ಕಿರುಚಿತ್ರಗಳು ಹುಟ್ಟಿದ್ದು ಟೀವಿಗಾಗಿ ಅಲ್ಲ, ಮಕ್ಕಳಿಗಾಗಿಯೂ ಅಲ್ಲ. ಚಿತ್ರಮಂದಿರದಲ್ಲಿ ದೊಡ್ಡ ಚಿತ್ರಕ್ಕೆ ಮೊದಲು ಎಲ್ಲ ವಯಸ್ಸಿನವರೂ ನೋಡಲೆಂದು. ಅದರಿಂದಲೇ ಏಳು ಆಸ್ಕರ್‌ಗಳು ಬಂದದ್ದು, ಅದರಿಂದಲೇ ಇಂದಿಗೂ ದೊಡ್ಡವರಿಗೆ ಅದು ಬೇಸರ ತರಿಸದಿರುವುದು. ಸ್ಕಾಟ್ ಬ್ರಾಡ್ಲಿಯವರ ವಾದ್ಯವೃಂದ ಪ್ರತಿ ಹೆಜ್ಜೆಗೂ ಪ್ರತಿ ಪೆಟ್ಟಿಗೂ ಸಂಗೀತ ನೇಯುತ್ತದೆ. ಟಾಮ್ ಪಿಯಾನೊ ಮುಂದೆ ಕೂತು ಸಂಗೀತಕಾರ ಲಿಸ್ಟ್‌ನ ಹಂಗೇರಿಯನ್ ರ‍್ಯಾಪ್ಸೊಡಿ ನುಡಿಸುವ ಕಂತನ್ನು ಕಣ್ಣುಮುಚ್ಚಿಯೂ ಕೇಳಬಹುದು. ಎರಡು ಎಚ್ಚರಿಕೆಗಳು ಮಾತ್ರ ಬೇಕು. ಬಡಿದಾಟ ವಿಪರೀತವಾದ್ದರಿಂದ ಕೈಯಲ್ಲಿದ್ದದ್ದನ್ನು ಎಸೆಯುವ ವಯಸ್ಸಿನ ಮಕ್ಕಳಿಗೆ ಕೆಲವು ವರ್ಷ ಕಾಯಿಸುವುದು ಲೇಸು. ಹಳೆಯ ಕಂತುಗಳಲ್ಲಿ ಕಪ್ಪು ಜನಾಂಗದ ಮನೆಗೆಲಸದ ಹೆಂಗಸನ್ನು ತೋರಿಸಿದ ರೀತಿ ಅಂದಿನ ಅಮೆರಿಕದ ಹೀನಾಯ ಅಣಕವೇ ಆಗಿದೆ. ಅದನ್ನು ಬಿಟ್ಟು ಮುಂದೆ ಹೋಗಬೇಕು, ಇಲ್ಲವೇ ಮಗು ಅರ್ಥಮಾಡಿಕೊಳ್ಳುವ ವಯಸ್ಸಿನದಾದರೆ ಹೇಳಿಕೊಡಬೇಕು.

ವೇಗದ ಬಗ್ಗೆಯೂ ಒಂದು ಮಾತು ಹೇಳಬೇಕು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ನಾಲ್ಕು ವರ್ಷದ 60 ಮಕ್ಕಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಒಂಬತ್ತು ನಿಮಿಷ ಬಿರುಸಿನ ಕಾರ್ಟೂನು, ಇನ್ನೊಂದಕ್ಕೆ ನಿಧಾನಗತಿಯ ಕಾರ್ಯಕ್ರಮ ತೋರಿಸಿ, ಮೂರನೆಯದಕ್ಕೆ ಚಿತ್ರ ಬರೆಯಲು ಬಿಟ್ಟಿದ್ದರು. ಆ ಕೂಡಲೇ ಕೊಟ್ಟ ಗಮನ ಮತ್ತು ಸಂಯಮದ ಪರೀಕ್ಷೆಗಳಲ್ಲಿ ಬಿರುಸಿನ ಕಾರ್ಟೂನು ನೋಡಿದವರು ಹಿಂದೆ ಬಿದ್ದರು. ಆ ಪರಿಣಾಮ ದೀರ್ಘಕಾಲ ಉಳಿಯುತ್ತದೆಂದು ಅದರಿಂದ ಹೇಳಲಾಗದು. ಆದರೂ ಎರಡು ಮೂರು ಸೆಕೆಂಡಿಗೊಮ್ಮೆ ಚಿತ್ರ ಬದಲಾಗುವ, ಕಣ್ಣಿಗೆ ರಾಚುವ ಬಣ್ಣದ ಯೂಟ್ಯೂಬ್ ಶಿಶುಗೀತೆಗಳನ್ನು ನೋಡಿದಾಗ ನಮಗೇ ತಲೆ ಭಾರವಾಗುವುದು ಸುಳ್ಳಲ್ಲ. ‘ಆನೆ ಬಂತೊಂದಾನೆ’ ಹಾಡಿಗೆ ಅಷ್ಟೆಲ್ಲ ಕುಣಿತ ಬೇಕೇ? ಅದಕ್ಕೆ ತೊಡೆಯ ಮೇಲೆ ಕೂರಿಸಿಕೊಂಡು ಹೇಳುವ ಒಬ್ಬ ಅಜ್ಜಿ ಸಾಕು.

ಇನ್ನು ಕನ್ನಡದಲ್ಲೇ ಬೇಕೆನ್ನುವವರಿಗೆ ಆಯ್ಕೆ ಏಕೆ ಕಡಿಮೆಯೆಂಬುದಕ್ಕೆ ಒಂದು ಇತಿಹಾಸವಿದೆ. 1960ರ ದಶಕದಿಂದ ಕನ್ನಡಕ್ಕೆ ಡಬ್ಬಿಂಗ್ ಮಾಡುವುದನ್ನು ಚಿತ್ರೋದ್ಯಮ ಅಘೋಷಿತವಾಗಿ ತಡೆದಿತ್ತು. 2012ರಲ್ಲಿ ಆಮಿರ್ ಖಾನರ ಟೀವಿ ಕಾರ್ಯಕ್ರಮ ‘ಸತ್ಯಮೇವ ಜಯತೆ’ ಹಲವು ಭಾಷೆಗಳಲ್ಲಿ ಬಂದರೂ ಕನ್ನಡಕ್ಕೆ ಬರಲಾಗಲಿಲ್ಲ. ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಈ ತಡೆಯ ವಿರುದ್ಧ ಆದೇಶ ನೀಡಿತು. ಅದಕ್ಕೆ ಮೊದಲೇ, 2009ರಲ್ಲಿ, ಸನ್ ಸಮೂಹದ ಚಿಂಟು ಟೀವಿ ಕನ್ನಡದಲ್ಲಿ ಮಕ್ಕಳಿಗೆಂದೇ ಬಂದಿತಾದರೂ, ಆ ಹೊತ್ತಿಗೆ ನಮ್ಮ ಮಕ್ಕಳು ಹಿಂದಿ ಕಾರ್ಟೂನುಗಳಿಗೆ ಒಗ್ಗಿಹೋಗಿದ್ದರು. ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ ರಾಜೀವ್ ಚಿಲಕ 2008ರಲ್ಲಿ ತಂದ ‘ಛೋಟಾ ಭೀಮ್’ ಎಷ್ಟೋ ಕನ್ನಡದ ಮಕ್ಕಳಿಗೆ ಹಿಂದಿ ಕಲಿಸಿದ ಮೇಷ್ಟ್ರು. ಮಕ್ಕಳಿಗೆ ಅದು ಅಚ್ಚುಮೆಚ್ಚು, ಸಂದೇಹವಿಲ್ಲ. ಆದರೆ ಢೋಲಕ್‌ಪುರಕ್ಕೆ ಕಂಟಕ ಬರುವುದು, ಭೀಮ ಲಡ್ಡು ತಿನ್ನುವುದು, ಶತ್ರು ಮಣ್ಣುಮುಕ್ಕುವುದು ಇಷ್ಟೇ ಮತ್ತೆ ಮತ್ತೆ ನಡೆಯುವಾಗ, ಮೊದಲು ಹೇಳಿದ ಮೊಬೈಲಿನ ಪರೀಕ್ಷೆಯಲ್ಲಿ ನಾನು ಮೂರನೆಯ ನಿಮಿಷಕ್ಕೇ ಸೋಲುತ್ತೇನೆ.

ಮಗುವಿಗೆ ಏಳೆಂಟು ತುಂಬಿದ ಮೇಲೆ ದಾರಿ ತಿರುವುಮುರುವಾಗುತ್ತದೆ. ಮಕ್ಕಳ ಕಾರ್ಯಕ್ರಮದೊಳಗೆ ನಾವು ಹೋಗುವ ಬದಲು ನಮ್ಮ ಕಾರ್ಯಕ್ರಮದೊಳಗೆ ಮಗುವನ್ನು ಕರೆದುಕೊಳ್ಳಬಹುದು. ಇಲ್ಲಿ ಮೊದಲ ಹೆಸರು ‘ಮಾಲ್ಗುಡಿ ಡೇಸ್’. ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗ್ 1980ರ ದಶಕದ ನಡುವಿನಲ್ಲಿ ದೂರದರ್ಶನಕ್ಕಾಗಿ ಆಗುಂಬೆಯಲ್ಲಿ ಚಿತ್ರಿಸಿದರು, ಆರ್.ಕೆ. ಲಕ್ಷ್ಮಣರ ರೇಖೆಗಳು, ಎಲ್. ವೈದ್ಯನಾಥನ್ ಅವರ ಆ ‘ತಾನ ನಾನ’, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ್ ಕಾರ್ನಾಡ್. ಗಣಿತವೆಂದರೆ ನಡುಗುವ, ಮಾವಿನಹಣ್ಣಿನ ಲೆಕ್ಕ ಕೊಟ್ಟರೆ ಹಣ್ಣು ಕಳಿತಿದೆಯೋ ಇಲ್ಲವೋ ಎಂದು ಚಿಂತಿಸುವ ನಾರಾಯಣರ ಸ್ವಾಮಿಯನ್ನು ಎಂಟು ವರ್ಷದ ಮಗು ತನ್ನವನೆಂದೇ ತಿಳಿಯುತ್ತದೆ; ತಂದೆಯ ಮುಖದ ಕೋಪದ ಹಿಂದಿನ ಅಸಹಾಯಕತೆಯನ್ನು ನಾವು ನಮ್ಮದೆಂದು ತಿಳಿಯುತ್ತೇವೆ. ಇಬ್ಬರೂ ಒಂದೇ ಕಡೆ ನಗುವುದು ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಸಾಧ್ಯವಾಗಿಲ್ಲ. ಮೂಲದ ಮಾತು ಹಿಂದಿಯಲ್ಲಿದೆ. ನಡುನಡುವೆ ನಿಲ್ಲಿಸಿ ಹೇಳಬೇಕಾದೀತು. ಮೇಷ್ಟ್ರ ಬೆತ್ತದ ದೃಶ್ಯಗಳು ಇಂದಿನ ಮಕ್ಕಳಿಗೆ ಗಾಬರಿ ತರಬಹುದು, ಆಗಿನ ಶಾಲೆಗಳ ಬಗ್ಗೆ ತಾತನ ಮಾತು ಶುರುವಾಗುವುದಕ್ಕೂ ಅದೇ ದಾರಿ. ಎಲ್ಲ ಕಥೆಗಳೂ ಮಕ್ಕಳಿಗಲ್ಲವಾದ್ದರಿಂದ ಸ್ವಾಮಿಯ ಕಂತುಗಳಿಂದ ಆರಂಭಿಸಿ, ಉಳಿದವನ್ನು ನೀವು ಮೊದಲು ನೋಡಿ ಆರಿಸುವುದು ಒಳ್ಳೆಯದು.

ಒಂದೊಂದೇ ಕಂತಿನ ಕಥೆಗಿಂತ ದೀರ್ಘಕಥೆ ಬೇಕೆನ್ನುವ ಒಂಬತ್ತು ಹತ್ತರ ಮಕ್ಕಳಿಗೆ ‘ಅವತಾರ್: ದ ಲಾಸ್ಟ್ ಏರ್‌ಬೆಂಡರ್’ ಇದೆ. 2005ರಿಂದ 2008ರವರೆಗೆ ಬಂದ 61 ಕಂತುಗಳ ಕಾರ್ಟೂನು ಇದು. ಇದೇ ಹೆಸರಿನ ನಟರ ಚಿತ್ರವನ್ನಾಗಲಿ ಸರಣಿಯನ್ನಾಗಲಿ ತಪ್ಪಿ ಹಾಕಿಕೊಳ್ಳಬೇಡಿ. ಅಮೆರಿಕದಲ್ಲಿ ತಯಾರಾದರೂ ಏಷ್ಯಾದ ಕಥನಗಳಿಂದ ಧಾರಾಳವಾಗಿ ಸಾಲ ಪಡೆದಿದೆ. ಪಥಿಕ್ ಎಂಬ ಗುರುವೊಬ್ಬ ನಾಯಕನಿಗೆ ಚಕ್ರಗಳನ್ನು ಒಂದೊಂದಾಗಿ ತೆರೆಯಲು ಕಲಿಸುವ ಕಂತನ್ನು ನೋಡಿ ನಮ್ಮ ಮನೆಯ ಹಿರಿಯರು ಅರ್ಧ ಗಂಟೆ ವ್ಯಾಖ್ಯಾನ ಮಾಡುವ ಸಂಭವವಿದೆ. ಯುದ್ಧ, ಸಾವು, ತಂದೆಯ ಕ್ರೌರ್ಯ ಎಲ್ಲವೂ ಇದೆಯಾದ್ದರಿಂದ ಕಿರಿಯವರಿಗೆ ಬೇಡ. ಮೊದಲ ಹತ್ತು ಕಂತು ಸಾಧಾರಣವೆನಿಸಿದರೆ ಬಿಡಬೇಡಿ, ಎರಡನೆಯ ಭಾಗದಿಂದ ಅದು ಮೇಲೇಳುತ್ತದೆ.

ಕಥೆಯೇ ಬೇಡವೆನ್ನುವ ಮಕ್ಕಳೂ ಇದ್ದಾರೆ. ಅವರಿಗೆ ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾಗಿ ಸಾವಿರಾರು ಕಂತು ದಾಟಿದ ಡಾ. ನಾ. ಸೋಮೇಶ್ವರರ ‘ಥಟ್ ಅಂತ ಹೇಳಿ’ಯನ್ನು ಹಾಕಿ ನೋಡಿ. ಅದರಲ್ಲಿ ಬಣ್ಣ ಬೆಡಗು ಏನೂ ಇಲ್ಲ. ಸರಿಯುತ್ತರಕ್ಕೆ ಕೊಡುವ ಬಹುಮಾನ ಕನ್ನಡ ಪುಸ್ತಕ. ಆದರೆ ಪ್ರಶ್ನೆ ಬಿದ್ದ ಕೂಡಲೇ ಅಡುಗೆಮನೆಯಿಂದ ಅಮ್ಮ, ಜಗುಲಿಯಿಂದ ತಾತ, ಸೋಫಾದಿಂದ ಮಗು ಏಕಕಾಲಕ್ಕೆ ಉತ್ತರ ಕೂಗುವಂತೆ ಮಾಡುವ ಇನ್ನೊಂದು ಕಾರ್ಯಕ್ರಮವನ್ನು ನಾನು ಕಂಡಿಲ್ಲ, ಮತ್ತು ಆ ಹೊತ್ತಿನಲ್ಲಿ ಯಾರ ಕೈಯಲ್ಲೂ ಮೊಬೈಲು ಇರುವುದಿಲ್ಲ.

ಯಾವುದನ್ನೇ ಆರಿಸಿದರೂ, ಮಗು ಮಲಗಿದ ಮೇಲೆ ಒಂದು ಕಂತನ್ನು ನೀವೊಬ್ಬರೇ ಕೂತು ನೋಡಿ. ಅರ್ಧಕ್ಕೇ ಎದ್ದುಹೋಗಬೇಕೆನಿಸಿದರೆ ಮಗುವಿಗೆ ಅದರ ಹೆಸರನ್ನೇ ಹೇಳಬೇಡಿ, ಏಕೆಂದರೆ ಒಮ್ಮೆ ತೋರಿಸಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ. ಒಂದು ಕಂತು ಮುಗಿದ ಕೂಡಲೇ ಇನ್ನೊಂದು ತಾನಾಗಿಯೇ ಶುರುವಾಗುವ ಸೌಲಭ್ಯವನ್ನು ಮೊದಲೇ ನಿಲ್ಲಿಸಿಡಿ. ಏಳು ನಿಮಿಷದ ಕಂತುಗಳ ದೊಡ್ಡ ಅನುಕೂಲವೆಂದರೆ ‘ಇನ್ನೊಂದೇ ಒಂದು’ ಎಂಬ ಬೇಡಿಕೆಗೆ ಒಪ್ಪಿಕೊಂಡರೂ ಊಟದ ಹೊತ್ತು ಮೀರುವುದಿಲ್ಲ. ಇಪ್ಪತ್ತೆರಡು ನಿಮಿಷದ ಕಂತಿಗೆ ಒಪ್ಪಿಕೊಂಡರೆ ಸಾರು ಆರಿಹೋಗುತ್ತದೆ.